ಮುದ್ದೆ ಕಿತ್ತ ಟೊಪ್ಪಿಗೆ

ನನ್ನ ದವಡೆ ಹಲ್ಲಿಗೆ ಡಾಕ್ಟರು ಹಾಕಿದ ಟೊಪ್ಪಿಗೆ ಕಿತ್ತು ಬಂದದ್ದು ಮುದ್ದೆಯಿಂದ. ರೊಟ್ಟಿಯಿಂದ ಅಲ್ಲ. ಯಾರು ಏನೇ ಹೇಳಲಿ, ಆದದ್ದು ಇಷ್ಟೇ. ಕಟಕಟ ಎನ್ನುವ ಜೋಳದ ರೊಟ್ಟಿಯನ್ನು ಜೀವಮಾನವಿಡೀ ಅಗಿದ ಬಾಯಿ ಇದು. ಅಂಥ ರೊಟ್ಟಿ ಎಂದೂ ಮಾಡದ ಕೆಲಸವನ್ನು ಬೆಣ್ಣೆಯ ಹಾಗೆ ಕೂತಿದ್ದ ರಾಗಿ ಮುದ್ದೆ ಒಂದೇ ತುತ್ತಿಗೆ ಮಾಡಿತು. ಮೆತ್ತಗೆ ಇರುವುದನ್ನು ನಂಬಬಾರದು ಎಂದು ನಾನು ಮೊದಲಿಂದಲೂ ಹೇಳುತ್ತ ಬಂದವಳು, ಮನುಷ್ಯರ ವಿಷಯದಲ್ಲೂ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಹಾಗಾಗಿ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನಮ್ಮದು ಸಿಂದಗಿ ಕಡೆ. ಗಂಡನ ನೌಕರಿ ಹಿಂದೆ ಹೈದರಾಬಾದಿಗೆ ಬಂದು ಮೊದಲು ಲಿಂಗಂಪಲ್ಲಿಯಲ್ಲಿ ಸಂಸಾರ ಮಾಡಿ, ಈಗ ಮಗ ಬಸುವಿನ ಜೊತೆ ಮಿಯಾಪುರದ ಫ್ಲಾಟಿನಲ್ಲಿ ಇದ್ದೇನೆ. ಊರು ಬಿಟ್ಟರೂ ರೊಟ್ಟಿ ಬಿಡಲಿಲ್ಲ. ಸೊಸೆ ಸುಧಾ ಮಂಡ್ಯದವಳು. ಹುಡುಗಿ ಒಳ್ಳೆಯವಳೇ, ಕಂಪ್ಯೂಟರ್ ಕೆಲಸ, ನನಗಿಂತ ಚೆನ್ನಾಗಿ ತೆಲುಗು ಮಾತಾಡುತ್ತಾಳೆ. ಆದರೆ ಮದುವೆಯಾಗಿ ಬರುವಾಗ ಮುದ್ದೆ ತಿರುವುವ ಕೋಲನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಳು. ಅಂದೇ ನಾನು ಎಲ್ಲರೆದುರು ಹೇಳಿದ್ದೆ, "ನನ್ನ ಬಾಯಾಗ ಹಲ್ಲು ಇರೂತನಕ ಮುದ್ದಿ ಮುಟ್ಟೂದಿಲ್ಲ. ಅದು ಬೊಚ್ಚುಬಾಯಿಯವರ ಊಟ." ಸುಧಾ ನಕ್ಕಳು. ಅಂದಿನಿಂದ ನಮ್ಮ ಒಲೆಯ ಮೇಲೆ ಒಂದು ಕಡೆ ತವಾ, ಇನ್ನೊಂದು ಕಡೆ ಮುದ್ದೆ ಪಾತ್ರೆ. ಮೊಮ್ಮಗಳು ಎರಡನ್ನೂ ಬಿಟ್ಟು ನೂಡಲ್ಸ್ ತಿನ್ನುತ್ತಾಳೆ.

ಹಲ್ಲು ನೋಯಲು ಹತ್ತಿದಾಗ ನಾನು ಯಾರಿಗೂ ಹೇಳಲಿಲ್ಲ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಆ ಕಡೆಯ ದವಡೆಗೆ ರಜೆ ಕೊಟ್ಟು ಈ ಕಡೆಯಿಂದ ಅಗಿದೆ. ಆದರೆ ಸಿಕ್ಕಿಬಿದ್ದೆ. ಒಂದು ದಿನ ಊಟದ ಹೊತ್ತಿಗೆ ಸುಧಾ ನನ್ನ ತಟ್ಟೆಯನ್ನೇ ನೋಡುತ್ತ ಕೂತಳು. "ಅತ್ತೆ, ರೊಟ್ಟಿ ನೆನೆಸ್ತಿದ್ದೀರಾ?" ನಾನು ರೊಟ್ಟಿಯನ್ನು ಬೇಳೆಯಲ್ಲಿ ಮುಳುಗಿಸಿ ಹಿಡಿದಿದ್ದೆ. ಈ ಮನೆಯಲ್ಲಿ ನನ್ನ ತಟ್ಟೆಯಿಂದ ಸದ್ದು ಬರುವುದು ನಿಂತರೆ ಅದು ಕಳ್ಳತನವಾದಷ್ಟೇ ದೊಡ್ಡ ಸುದ್ದಿ. ಮರುದಿನವೇ ಮಗ, ಸೊಸೆ ಇಬ್ಬರೂ ಸೇರಿ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಹೊರಡಿಸಿದರು.

ಹೆದರಿದ್ದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ. ಮನೆಯಲ್ಲೇ ಹೆತ್ತವಳು ನಾನು, ಚೇಳು ಕಡಿದಾಗಲೂ ಅಡುಗೆ ಮುಗಿಸಿಯೇ ಮಲಗಿದವಳು. ಆದರೆ ಆ ಕುರ್ಚಿ ಕುರ್ಚಿಯಲ್ಲ. ಕೂತ ಮೇಲೆ ತಾನಾಗಿಯೇ ಹಿಂದಕ್ಕೆ ಮಲಗುತ್ತದೆ. ಮುಖದ ಮೇಲೆ ದೀಪ, ಬಾಯಿಗೆ ನೀರು, ಸುತ್ತ ನಿಂತು ಬಗ್ಗಿ ನೋಡುವ ಜನ. ನಮ್ಮಲ್ಲಿ ಮನುಷ್ಯರನ್ನು ಹಾಗೆ ಮಲಗಿಸಿ ಬಾಯಿಗೆ ನೀರು ಬಿಡುವುದು ಒಂದೇ ಸಲ, ಅದೂ ಕೊನೆಗೆ. "ಕುಂತ ಮಾಡಾಕ ಆಗೂದಿಲ್ಲೇನು?" ಎಂದು ಕೇಳಿದೆ. ಬಸು ಧೈರ್ಯ ಹೇಳಲು ಬಂದ. "ಯವ್ವಾ, ಏನೂ ಆಗೂದಿಲ್ಲ. ಇರಿವಿ ಕಚ್ಚಿದಂಗ ಅಷ್ಟ." "ಹಂಗಾರ ನೀನ ಮಕ್ಕೊ, ನಾ ನಿನ್ನ ಕಾಲು ಹಿಡಕೋತೀನಿ" ಎಂದೆ. ಅವನು ಫೋನ್ ಬಂತೆಂದು ಹೊರಗೆ ಹೋದವನು ಎಲ್ಲ ಮುಗಿಯುವವರೆಗೆ ಮಾತಾಡುತ್ತಲೇ ಇದ್ದ. ಹೆದರಬೇಡ ಎಂದು ಹೇಳುವವರೆಲ್ಲ ಹೊರಗೆ ನಿಂತವರೇ.

ಡಾಕ್ಟರು ತೆಲುಗಿನ ಹುಡುಗಿ, ಸಣ್ಣ ದನಿ. "ನೊಪ್ಪಿ ಉಂಟೇ ಚೆಯ್ಯಿ ಎತ್ತಂಡಿ ಅಮ್ಮಾ" ಎಂದಳು. ನೋವಾದರೆ ಕೈ ಎತ್ತಬೇಕಂತೆ, ಆಗ ನಿಲ್ಲಿಸುತ್ತಾಳಂತೆ. ಆ ಮಾತು ನನಗೆ ಹಿಡಿಸಿತು. ತಕ್ಷಣ ಕೈ ಎತ್ತಿದೆ.

"ಅತ್ತೆ, ಅವರಿನ್ನೂ ಶುರುವೇ ಮಾಡಿಲ್ಲ" ಎಂದಳು ಸುಧಾ.

"ಗೊತ್ತೈತಿ. ಮೊದಲ ಎತ್ತಿ ಇಟ್ಟೀನಿ."

ಆ ಕೈಯನ್ನು ಕೊನೆಗೆ ಸುಧಾ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಪ್ರೀತಿಯಿಂದಲೋ, ಡಾಕ್ಟರ ಕನ್ನಡಕ ಉಳಿಸಲಿಕ್ಕೋ, ನಾನು ಕೇಳಲಿಲ್ಲ. ಸೂಜಿ ಚುಚ್ಚಿದರು, ಬೇರಿನ ತನಕ ಕೊರೆದರು. ಮೂಗಿಗೆ ಸುಟ್ಟ ವಾಸನೆ ಬಂತು. ತಲೆಯೊಳಗೆ ಯಾರೋ ಹಿಟ್ಟಿನ ಗಿರಣಿ ಇಟ್ಟ ಹಾಗೆ ಸದ್ದು. ನೋವು ಅಷ್ಟಿರಲಿಲ್ಲ, ಅದು ನಿಜ. ಆದರೆ ಈಗ ಬಂತು, ಈಗ ಬಂತು ಎಂದು ಅದರ ದಾರಿ ಕಾಯುವುದಿದೆಯಲ್ಲ, ಅದಕ್ಕೆ ಯಾವ ಸೂಜಿಯೂ ಇಲ್ಲ. ಕೊನೆಗೆ ಹಲ್ಲಿನ ಮೇಲೆ ಒಂದು ಟೊಪ್ಪಿಗೆ ಅಂಟಿಸಿ, ಇದು ಸದ್ಯಕ್ಕೆ, ಗಟ್ಟಿಯದು ಆಮೇಲೆ, ಅಲ್ಲಿಯತನಕ ಗಟ್ಟಿ ಪದಾರ್ಥ, ಅಂಟುವ ಪದಾರ್ಥ ಎರಡೂ ಬೇಡ ಎಂದು ಹೇಳಿ ಕಳಿಸಿದರು.

ಮನೆಗೆ ಬಂದರೆ ಅರ್ಧ ಮುಖ ನನ್ನದಲ್ಲ. ಕೆನ್ನೆ ಮುಟ್ಟಿದರೆ ಪಕ್ಕದ ಮನೆಯವರ ಕೆನ್ನೆ ಮುಟ್ಟಿದ ಹಾಗೆ. ಚಹಾ ಕುಡಿದೆ ಎಂದುಕೊಂಡೆ, ಸೀರೆ ಕುಡಿದಿತ್ತು. ಬಸುವನ್ನು ಬೈಯಲು ಹೋದರೆ ಮಾತು ಬಾಯಿಂದ ಓರೆಯಾಗಿ ಬಿದ್ದು ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. ಮಧ್ಯಾಹ್ನ ಮುಖ ವಾಪಸು ಬಂತು, ಜೊತೆಗೆ ನೋವನ್ನೂ ಕರೆದುಕೊಂಡು ಬಂತು. ನಾಲಿಗೆಗಂತೂ ಬೇರೆ ಕೆಲಸವೇ ಇಲ್ಲ. ಹೊಸ ಬಾಡಿಗೆಯವರು ಬಂದರೆ ಏನೇನು ಸಾಮಾನು ತಂದಿದ್ದಾರೆ ಎಂದು ನೋಡಲು ಮೇಲಿಂದ ಮೇಲೆ ಹೋಗುವ ಮನೆಯೊಡತಿಯ ಹಾಗೆ ಆ ಟೊಪ್ಪಿಗೆಯ ಹತ್ತಿರವೇ ಸುಳಿದಾಡುತ್ತಿತ್ತು.

ಸುಧಾ ಗಂಜಿ ತಂದಳು. ಜ್ವರ ಬಂದವರಿಗೆ ಕೊಡು ಎಂದೆ. ಇಡ್ಲಿ ತಂದಳು. ಬೇಡವೆಂದೆ. ಸಿಟ್ಟು ಗಂಜಿಯ ಮೇಲಲ್ಲ. ಒಂದು ಸಲ ಮುದುಕಿಯ ಮುಂದೆ ಮೆತ್ತನೆಯ ತಟ್ಟೆ ಇಟ್ಟರೆಂದರೆ ಆಮೇಲೆ ಎಲ್ಲವೂ ಮೆತ್ತಗಾಗುತ್ತ ಹೋಗುತ್ತದೆ. ಮಾತು ಮೆತ್ತಗೆ, ಹಾಸಿಗೆ ಮೆತ್ತಗೆ, ಕೊನೆಗೆ ಮನೆಯಲ್ಲಿ ನಮ್ಮ ಮಾತಿನ ತೂಕವೂ ಮೆತ್ತಗೆ. ರಾತ್ರಿ ಊಟಕ್ಕೆ ಬಸು ನನ್ನೆದುರೇ ಕೂತು ನಾನೇ ಹಿಂದಿನ ದಿನ ಬಡಿದ ರೊಟ್ಟಿಯನ್ನು ಕಟಕಟ ಅಗಿಯುತ್ತಿದ್ದ. ಸುಧಾ ಅವನು ಎದ್ದುಹೋಗುವ ತನಕ ಕಾದು, ನನ್ನ ಮುಂದೆ ಒಂದು ತಟ್ಟೆ ಇಟ್ಟಳು. ಮುದ್ದೆ, ಬಸ್ಸಾರು.

"ಹೊಟ್ಟೇಲಿ ಏನೂ ಇಲ್ದೆ ಮಾತ್ರೆ ತಗೊಳಂಗಿಲ್ಲ ಅತ್ತೆ. ಯಾರಿಗೂ ಹೇಳಲ್ಲ, ತಿನ್ನಿ. ಅಗೀಬೇಡಿ, ಸಾರಲ್ಲಿ ಅದ್ದಿ ಗುಳುಂ ಅಂತ ನುಂಗಿ."

"ಅಗೀಲಾರದ ನುಂಗಾಕ ನಾ ಏನು ಹಾವು ಏನವಾ?"

ಹಸಿವೆ ಆಗಿತ್ತು, ತೆಗೆದುಕೊಂಡೆ. ಆದರೆ ಮಂಡ್ಯದವಳು ನನಗೆ ತಿನ್ನಲು ಕಲಿಸುವುದೇ? ನನ್ನ ಬಾಯಿ, ನನ್ನ ಹಲ್ಲು. ಬೇಕೆಂದೇ ಅಗಿದೆ. ಅದೂ ಹೊಸ ಟೊಪ್ಪಿಗೆಯ ಕಡೆಯಿಂದಲೇ ಅಗಿದೆ. ಮೇಲಿನ ದವಡೆ, ಕೆಳಗಿನ ದವಡೆ ಎರಡೂ ಅಂಟಿಕೊಂಡವು. ಜೋರು ಮಾಡಿ ಬಾಯಿ ತೆಗೆದೆ. ಏನೋ ಹಗುರಾಯಿತು. ತುತ್ತನ್ನು ಅಂಗೈಗೆ ತೆಗೆದು ನೋಡಿದರೆ ಮುದ್ದೆಯ ನಡುವೆ ಟೊಪ್ಪಿಗೆ ಕೂತಿದೆ, ಹೋಳಿಗೆಯೊಳಗಿನ ಹೂರಣದ ಹಾಗೆ.

ಸುಧಾ ನೋಡಿದಳು. ನಾನೂ ಅವಳನ್ನು ನೋಡಿದೆ.

"ನಗು ಬಂದಿದ್ರ ನಕ್ಕುಬಿಡು."

"ಬಂದಿಲ್ಲ ಅತ್ತೆ" ಎಂದು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರಾ ತಿರುಗಿಸಿ ಬಿಟ್ಟಳು. ಪಾತ್ರೆ ಎಲ್ಲ ಆಗಲೇ ತೊಳೆದಾಗಿತ್ತು. ನೀರು ಮಾತ್ರ ಬಹಳ ಹೊತ್ತು ಸುರಿಯುತ್ತಿತ್ತು.

ಬೆಳಿಗ್ಗೆ ಎದ್ದವಳೇ ಮಾಡಿದ ಮೊದಲ ಕೆಲಸ, ಆ ಟೊಪ್ಪಿಗೆಯನ್ನು ಬಿಸಿನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿದ್ದು. ರಾಗಿಯ ಒಂದು ಕಣವೂ ಉಳಿಯಬಾರದು. ಬಸು ಆಫೀಸಿಗೆ ಹೋದ ಮೇಲೆ ಸುಧಾ ಆಟೋ ಕರೆಸಿದಳು. ಕುರ್ಚಿ ಹಿಂದಕ್ಕೆ ಮಲಗಿತು, ನಾನು ಕೈ ಎತ್ತಿದೆ, ಸುಧಾ ಹಿಡಿದುಕೊಂಡಳು. ಡಾಕ್ಟರ ಹುಡುಗಿ ಬಾಯಿ ನೋಡಿ, ಕರ್ಚೀಪಿನಲ್ಲಿದ್ದ ಟೊಪ್ಪಿಗೆ ನೋಡಿ, "ಏಂ ತಿನ್ನಾರು ಅಮ್ಮಾ?" ಎಂದಳು. ಏನು ತಿಂದಿರಿ ಎಂದು.

"ಕಡಕ್ ರೊಟ್ಟಿ" ಎಂದೆ.

ಸುಧಾಳ ಹಿಡಿತ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಅವಳು ತೆಲುಗಿನಲ್ಲಿ ಹೇಳಿದಳು, ಹೌದು ಡಾಕ್ಟರ್, ಜೋಳದ ರೊಟ್ಟಿ, ಎಷ್ಟು ಹೇಳಿದರೂ ಕೇಳುವುದಿಲ್ಲ. ಡಾಕ್ಟರು ಸಣ್ಣ ದನಿಯಲ್ಲೇ ಚೆನ್ನಾಗಿ ಬೈದಳು. ಬೈಗುಳವನ್ನು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡು ಮಲಗಿದೆ. ರೊಟ್ಟಿ ತಿಂದು ಟೊಪ್ಪಿಗೆ ಮುರಿದ ಮುದುಕಿ ಎಂದರೆ ಅದಕ್ಕೊಂದು ಮರ್ಯಾದೆ ಇದೆ. ಟೊಪ್ಪಿಗೆ ಮತ್ತೆ ಕೂತಿತು. ಏಳುವಾಗ ಡಾಕ್ಟರು, ಗಟ್ಟಿ ಟೊಪ್ಪಿಗೆ ಬರುವ ತನಕ ಆ ರೊಟ್ಟಿಯ ಹೆಸರೆತ್ತಬೇಡಿ, ರಾಗಿ ಸಂಗಟಿ ತಿನ್ನಿ, ನಮ್ಮ ಅಜ್ಜಿ ಅದನ್ನೇ ತಿನ್ನುವುದು, ಅಗಿಯುವ ಕೆಲಸವೇ ಇಲ್ಲ, ನುಂಗಿದರಾಯಿತು ಎಂದಳು. ತೆಲುಗರ ಸಂಗಟಿ ಎಂದರೆ ನಮ್ಮ ಮುದ್ದೆ. ಅಷ್ಟು ತೆಲುಗು ನನಗೂ ಬರುತ್ತದೆ. ಆದರೂ ಸುಧಾ ಕಿವುಡರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು, "ಮುದ್ದೆ. ತಿನ್ನಬೇಕಂತೆ. ಅತ್ತೆ."

ಆಟೋದಲ್ಲಿ ಮೆಟ್ರೋ ಕಂಬಗಳನ್ನು ನೋಡುತ್ತ ಕೂತೆ. ನಮ್ಮ ಗೇಟು ಕಾಣಿಸಿದಾಗ ನಾನೇ ಬಾಯಿಬಿಟ್ಟೆ.

"ಸುಧಾ, ಆ ನುಂಗೂದು ಹೆಂಗ? ಒಂದ ಸಲ ತೋರ್ಸು. ಬಸು ಬರೂದರೊಳಗ."