ಮಾವ ಕಟ್ಟಿದ ಸದ್ದಿಲ್ಲದ ಕೋಣೆ

ಬೀದಿನಾಯಿಗೆ ಬಹುವಚನ ಹಚ್ಚಿ ಮಾತಾಡಿಸಿದವರು ನಮ್ಮ ಹುಬ್ಬಳ್ಳಿಯಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ. ಗೇಟಿನ ಹೊರಗೆ ಕೈಮುಗಿದು ನಿಂತು, “ಒಂದ್ ಹತ್ತು ನಿಮಿಷ ಒದರಬ್ಯಾಡ್ರಿ, ರೆಕಾರ್ಡಿಂಗ್ ನಡದೈತಿ” ಎಂದು ಬೇಡಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾಯಿ ಒಪ್ಪಿತು. ಬೈಪಾಸಿನ ಲಾರಿಗಳು ಒಪ್ಪಲಿಲ್ಲ.

ಮಾವನ ಮನೆ ಊರಂಚಿನ ಗಬ್ಬೂರಿನಲ್ಲಿ, ಬೈಪಾಸಿನ ಬದಿಗೇ. ಹತ್ತಿ ಅಂಗಡಿಯ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಅವನಿಗೆ ಹಿಡಿದದ್ದು ಒಂದೇ ಹುಚ್ಚು. ಅವನ ಅವ್ವ, ಅಂದರೆ ನನ್ನ ಅಜ್ಜಿ, ಬೀಸುವಾಗ ಹಾಡುತ್ತಿದ್ದ ಪದಗಳು ಪೂರ್ತಿ ಬರುವುದು ಈಗ ಅವನೊಬ್ಬನಿಗೇ. “ನಾ ಮಣ್ಣಾಗ ಹ್ವಾದ್ರ ಅವೂ ನನ್ನ ಜೋಡಿ ಮಣ್ಣಾಗ ಹೋಗ್ತಾವ” ಎನ್ನುತ್ತಿದ್ದ. ಅದಕ್ಕೇ ರೆಕಾರ್ಡ್ ಮಾಡಿಡಬೇಕು, ಅವ್ವನ ಪದದಲ್ಲಿ ಬೇರೆ ಒಂದು ಸದ್ದೂ ಇರಬಾರದು! ಮೈಕು, ಲ್ಯಾಪ್‌ಟಾಪು ತಂದು ಜೋಡಿಸಿಕೊಟ್ಟವನು ನಾನು. ತಪ್ಪು ನನ್ನದೂ ಇದೆ.

ಮೊದಲು ಕಾಳಿನ ಕೋಣೆಯ ಕಿಟಕಿಗೆ ಹತ್ತಿಯ ಗಾದಿ ಜಡಿದ. ಬಾಗಿಲ ಸಂದಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಹಚ್ಚಿದ. ಆಮೇಲೆ ಮನೆಯ ಕೌದಿಗಳೆಲ್ಲ ಗೋಡೆ ಏರಿದವು. ಆಗ ಚಳಿಗಾಲ.

“ನಾವು ಹೊಚ್ಚಿಕೊಳ್ಳೋದು ಏನ್ರಿ?” ಎಂದಳು ಮಾವನ ಹೆಂಡತಿ, ನಮ್ಮ ಅತ್ತೆ.

“ಥಂಡಿ ಹತ್ತಿದ್ರ ಬಂದು ಗ್ವಾಡಿಗಿ ಆತು ನಿಂದ್ರು.”

ಅಷ್ಟಾದರೂ ಕೋಣೆಯಲ್ಲಿ ದನಿ ಗೂಂಯ್‌ಗುಡುತ್ತಿತ್ತು. ಅದಕ್ಕೆ ಕೋಳಿತತ್ತಿಯ ರಟ್ಟಿನ ಟ್ರೇ ಮದ್ದು ಎಂದು ಯಾವುದೋ ವಿಡಿಯೋದಲ್ಲಿ ನೋಡಿ, ದುರ್ಗದಬೈಲಿನ ಪೇಟೆಯಿಂದ ಆಟೋ ತುಂಬ ಖಾಲಿ ಟ್ರೇ ತಂದ. ತತ್ತಿ ಎಂಬ ಮಾತನ್ನೂ ಮೆಲ್ಲಗೆ ಆಡುವ ಮನೆ ಅದು! ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ತತ್ತಿ ಇಲ್ಲಲೇ, ಖಾಲಿ ಅದಾವ.”

“ತತ್ತಿ ಎದರಾಗ ಕುಂತಿದ್ವು ಅದನ್ನ ಹೇಳ್ರಿ.”

ಕೊನೆಗೆ ಅರಿಶಿನ ನೀರು ಚಿಮುಕಿಸಿ ಒಳಗೆ ಬಿಡುವುದೆಂದು ರಾಜಿಯಾಯಿತು. ಅತ್ತೆ ಚಿಮುಕಿಸಲಿಲ್ಲ, ಕೊಡ ಎತ್ತಿ ಸುರಿದಳು. ಅರ್ಧಕ್ಕರ್ಧ ಟ್ರೇ ನೆನೆದು ಮುದ್ದೆಯಾದವು. ಉಳಿದವನ್ನು ಮಾಳಿಗೆಯ ಮೇಲೆ ಒಣಗಿಸುತ್ತಿದ್ದಾಗ ಓಣಿಯವರು, “ಕೋಳಿ ಸಾಕೀರೇನ್ರಿ?” ಎಂದು ಕೇಳಿ ಹೋದರು.

ಅಂತೂ ಗೂಂಯ್ ಹೋಯಿತು, ಲಾರಿಯೂ ಕೇಳದಾಯಿತು. ಆಗ ಶುರುವಾಯಿತು ನೋಡಿ, ಕುಂಯ್ ಎನ್ನುವ ಸಣ್ಣದೊಂದು ಸದ್ದು. ಮಾವ ಫ್ರಿಜ್ ಆರಿಸಿದ, ಹಾಲು ಒಡೆಯಿತು. ಗೋಡೆ ಗಡಿಯಾರವನ್ನು ಹಿತ್ತಲಿಗೆ ಹಾಕಿದ. ಪಕ್ಕದ ಮನೆಯವರ ಇನ್ವರ್ಟರಿಗಾಗಿ ಜಗಳ ತೆಗೆದ. ದಿನಾ ಒಂದು ಪದ ಹಾಡುವುದು, ಕೇಳುವುದು, ಕುಂಯ್ ಇದೆಯೆಂದು ಅಳಿಸಿಬಿಡುವುದು. ಕೋಣೆ ಬಿಗಿಯಾದಷ್ಟೂ ಆ ಸದ್ದು ಜೋರಾಗುತ್ತಿತ್ತು.

“ನನಗೇನೂ ಕೇಳ್ಸಂಗಿಲ್ಲ. ನಿಮಗ ತಲಿ ಕೆಟ್ಟೈತಿ,” ಎಂದು ಅತ್ತೆ ದಿನಾ ಬಯ್ಯುತ್ತಿದ್ದಳು. ನಾನು ಇದನ್ನೆಲ್ಲ ಗೆಳೆಯರಿಗೆ ಹೇಳಿ ನಗಿಸುತ್ತಿದ್ದೆ.

ಐದು ತಿಂಗಳ ಮೇಲೆ ಒಂದು ಭಾನುವಾರ ಹೋದಾಗ ಮಾವ ಆಗಷ್ಟೇ ಹಾಡಿ ಮುಗಿಸಿದ್ದ. “ನೀನ ಕೇಳು,” ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದ. ಅಜ್ಜಿಯ ಪದ ಇತ್ತು. ಪದ ನಿಂತ ಮೇಲೆ ಏನೂ ಇರಲಿಲ್ಲ.

“ಮಾಮಾ, ಇದರಾಗ ಸಪ್ಪಳ ಇಲ್ಲ.”

“ಈಗೂ ಕೇಳ್ಸಾಕತ್ತೈತಲೋ.”

ಹೆಡ್‌ಫೋನು ನನ್ನ ಕಿವಿಯಲ್ಲೇ ಇತ್ತು. ಮರುದಿನವೇ ಅವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದೆ.

ಕಿವಿಯ ನರ ಸೊರಗುತ್ತಿದೆ ಎಂದರು ಡಾಕ್ಟರು. ಆ ಕುಂಯ್ ಹೋಗುವುದಿಲ್ಲ, ಮಿಕ್ಕ ಸದ್ದುಗಳೇ ಒಂದೊಂದಾಗಿ ಹೋಗುತ್ತವೆ. ಹೊರಗೆ ಬಂದ ಮೇಲೆ ಮಾವ ಕೇಳಿದ್ದು ಒಂದೇ ಮಾತು: “ಹಂಗಾರ ನಾ ಅಳಿಸಿದ್ವೆಲ್ಲಾ ಛಲೋನ ಇದ್ವೇನು?” ಐದು ತಿಂಗಳಲ್ಲಿ ಒಮ್ಮೆಯಾದರೂ ಕೂತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಆಮೇಲೆ ಮಾವ ಆ ಕೋಣೆಯಲ್ಲಿ ಸುಮ್ಮನೆ ಕೂರುತ್ತಿದ್ದ, ಹಾಡುತ್ತಿರಲಿಲ್ಲ. ಹದಿನೈದು ದಿನ ಕಳೆದಿರಬೇಕು. ನಾನು ಹೋಗಿದ್ದ ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿದ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿ ಅವನ ಎದುರು ಕೂತಳು. ನನಗೆ ಮೈಕು ಹಚ್ಚಲು ಹೇಳಿದಳು.

“ಹಾಡ್ರಿ.”

“ಅದು ಒದರಾಕತ್ತೈತಲೇ.”

ಅತ್ತೆ ತಲೆ ಬಗ್ಗಿಸಿ ಕಿವಿಗೊಟ್ಟಳು. “ಹೂಂ, ನನಗೂ ಕೇಳ್ಸಾಕತ್ತೈತ್ರಿ. ಇರ್ಲಿ ಬಿಡ್ರಿ, ಅದರ ಜೋಡೀನ ಹಾಡ್ರಿ.”

ಅದು ಸುಳ್ಳೆಂದು ಮಾವನಿಗೂ ಗೊತ್ತು. ಅವಳ ಮುಖವನ್ನೇ ನೋಡುತ್ತಾ ಪದ ಎತ್ತಿಕೊಂಡ. ಎರಡನೆಯ ಸಾಲಿಗೆ ಶ್ರುತಿ ಜಾರಿತು. ಸರಿಯಾಯಿತೇ ಎಂದು ನನ್ನ ಕಡೆ ತಿರುಗಿದ. ಛಲೋ ಆಗಿದೆಯೆಂದು ತಲೆಯಾಡಿಸಿ, ಮುಂದಿನ ಸಾಲಿಗೆ ಕೈಸನ್ನೆ ಮಾಡಿದೆ.