ಐವತ್ತು ವರ್ಷ ಒರೆಸದ ಡ್ರಮ್

"ಹಳೇ ಹಿತ್ತಾಳೆ ಡ್ರಮ್ ಮೂರು. ಅಪ್ಪಟ ಒರಿಜಿನಲ್. ಐವತ್ತು ವರ್ಷದಿಂದ ಒರೆಸಿಲ್ಲ" ಎಂದು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದೇ ಭುಜಂಗನ ತಲೆನೋವಿಗೆ ಮೂಲ. ಬಾಗಿಲು ಹಾಕಿದ ಯಾವುದೋ ಆರ್ಕೆಸ್ಟ್ರಾದಿಂದ ಅವನು ಹೊತ್ತು ತಂದಿದ್ದ ಅವು, ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಮಗಳ ಮೇಜಿನ ಜಾಗ ನುಂಗಿ ಕೂತಿದ್ದವು. ಪೂಜಿತಾ ಹತ್ತನೇ ಕ್ಲಾಸು. ಪಾಪ, ಓದುವುದು ಗ್ಯಾಸ್ ಕಟ್ಟೆಯ ಪಕ್ಕ ನಿಂತು.

"ಐದು ಗಂಟೆಗೆ ಮೇಜು ಬರ್ತದೆ. ಅಷ್ಟರೊಳಗೆ ಇವು ಹೋಗದಿದ್ರೆ ಗುಜರಿಯ ಭಂಗಾರ್‌ವಾಲಾನಿಗೆ ಕೊಡ್ತೇನೆ" ಎಂದು ಹೆಂಡತಿ ಜಯಲತಾ ಗಡುವು ಕೊಟ್ಟಳು.

ಭುಜಂಗನಿಗೆ ಚಿಂತೆಯೇ ಇಲ್ಲ. ಜಾಹೀರಾತು ನೋಡಿ ಫೋನು ಮಾಡಿದ್ದ, ಹಳೇ ಸಾಮಾನಿನ ಹುಚ್ಚಿನ ಮಾಜಿವಾಡಾದ ಲೀಲಾಧರ ಶೆಟ್ಟರು ನಾಲ್ಕಕ್ಕೆ ನೋಡಲು ಬರುವವರಿದ್ದರು. "ಹಳತರ ಧೂಳು ಸಹ ತೆಗೀಬಾರದು. ಅದೇ ನಿಜವಾದ ರಿಸ್ಟೋರೇಶನ್" ಎಂದು ಅವರು ಫೋನಿನಲ್ಲಿ ಹೇಳಿದಾಗ, "ಮುಟ್ಟಿದವರ ಕೈ ಮುರೀತೇನೆ ಶೆಟ್ರೆ!" ಎಂದು ಕೊಚ್ಚಿಕೊಂಡು, ಬೆಳಿಗ್ಗೆಯೇ ಅವರಿಗಾಗಿ ಲಾಡು ತರಲು ಹೋದ.

ಬಂದು ನೋಡಿದರೆ ಡ್ರಮ್‌ಗಳು ಫಳಫಳ! ಪಕ್ಕದ ಮನೆಯ ಜಲಜಾಕ್ಷಿ ಸೆರಗು ಸಿಕ್ಕಿಸಿ, ಕೈತುಂಬ ಹುಣಸೆಹುಳಿ ಹಿಡಿದು ನಿಂತಿದ್ದಳು.

"ಜನ ಬರುವಾಗ ಹಿತ್ತಾಳೆ ತಿಕ್ಕದೆ ಇಡ್ಲಿಕ್ಕೆ ಉಂಟಾ ಭುಜಂಗಣ್ಣ? ನಾನೂ ಜಯಕ್ಕನೂ ಹುಳಿ ಹಾಕಿ ತಿಕ್ಕಿದೆವು. ಮುಖ ನೋಡಿಕೊಳ್ಳಿ!"

ಭುಜಂಗ ನೋಡಿಕೊಂಡ. ಅಳು ಬಂತು.

ಗಲಾಟೆ ಕೇಳಿ ಮೇಲಿನ ಮನೆಯ ಕಿಟ್ಟಣ್ಣ ಇಳಿದು ಬಂದ. "ಎಂಥ ಮಾರಾಯ, ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ನಾನು ನೊಣ ಹೊಡೆದದ್ದಾ? ಒಂದು ಗಂಟೆಯಲ್ಲಿ ಐವತ್ತು ವರ್ಷ ಮಾಡಿ ಕೊಡ್ತೇನೆ!"

ಅವನು ಬಾಟಲಿ ತೆರೆದದ್ದೇ ತಡ, ಬಿಲ್ಡಿಂಗಿಗೆ ಬಿಲ್ಡಿಂಗೇ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿತು. ಆದರೆ ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಡ್ರಮ್‌ಗಳು ಬಾವಿಯಿಂದ ಎತ್ತಿದ ಕೊಡದ ಹಾಗೆ ಕಪ್ಪಾಗಿ, ಅಲ್ಲಲ್ಲಿ ಹಸಿರು ಹಿಡಿದಿದ್ದವು.

ಲೀಲಾಧರ ಶೆಟ್ಟರು ಟೆಂಪೋದಲ್ಲೇ ಬಂದಿಳಿದರು. ಡ್ರಮ್ ಸವರಿ ಕಣ್ಣು ಮುಚ್ಚಿದರು. "ಆಹಾ! ಈ ಕಪ್ಪನ್ನು ಕಾಲವೇ ಕೊಡಬೇಕು."

"ನಮ್ಮ ಮನೆಯಲ್ಲಿ ಡ್ರಮ್ಮಿಗೇ ಮೊದಲ ಜಾಗ ಶೆಟ್ರೆ" ಎಂದು ಭುಜಂಗ ಎದೆಯುಬ್ಬಿಸಿದ.

"ಹಾಗಾದ್ರೆ ನಾನು ಹುಡುಕುತ್ತಿದ್ದ ಮನುಷ್ಯ ನೀವೇ! ಕೊಳ್ಳಲಿಕ್ಕೆ ಬಂದದ್ದಲ್ಲ ಮಾರಾಯ್ರೆ. ನನ್ನವೂ ನಾಲ್ಕು ಟೆಂಪೋದಲ್ಲಿ ಉಂಟು, ಮನೆಯವಳು ಇವತ್ತು ಹೊರಗೆ ಹಾಕಿದಳು. ಪುಕ್ಕಟೆ ಇಟ್ಕೊಳ್ಳಿ."

ಅಷ್ಟರಲ್ಲಿ ಉಪಕಾರಿ ಕಿಟ್ಟಣ್ಣ ಟೆಂಪೋ ಖಾಲಿ ಮಾಡಿ ನಾಲ್ಕನ್ನೂ ಬಾಗಿಲಿಗೆ ತಂದಿಟ್ಟಿದ್ದ. ಜಯಲತಾಳ ಮುಖ ನೋಡಿದ್ದೇ ಭುಜಂಗ ಓಡಿ ಶೆಟ್ಟರ ಎರಡೂ ಕೈ ಹಿಡಿದುಕೊಂಡ.

"ಶೆಟ್ರೆ, ನಾನು ಮೋಸಗಾರ! ಬೆಳಿಗ್ಗೆ ಹುಳಿ ಹಾಕಿ ತಿಕ್ಕಿ ಆಗಿದೆ. ಈ ಕಪ್ಪು ಮಧ್ಯಾಹ್ನದ್ದು! ದಮ್ಮಯ್ಯ, ನಿಮ್ಮದನ್ನು ತಗೊಂಡು ಹೋಗಿ!"

ಶೆಟ್ಟರು ಅವನನ್ನು ಬಾಚಿ ತಬ್ಬಿಕೊಂಡರು. "ತಿಕ್ಕಿ ಹಾಳು ಮಾಡಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಹೀಗೆ ಸರಿ ಮಾಡಿದ್ರಾ? ಇದಲ್ವಾ ನಿಜವಾದ ರಿಸ್ಟೋರೇಶನ್! ನನ್ನವಳು ತಿಕ್ಕಿ ಹಾಳು ಮಾಡಿದ ಡ್ರಮ್ ಇನ್ನೂ ಹನ್ನೊಂದು ಉಂಟು ಮನೆಯಲ್ಲಿ. ಸ್ವಲ್ಪ ಬಾಗಿಲು ತೆರೆದೇ ಇಡಿ, ಈಗ ತರ್ತೇನೆ."