ಮಿಣುಕಿದ ಹೊತ್ತಿನ ಪಟ್ಟಿ

ರೌಟರನ್ನೂ ಅದನ್ನು ಹೊತ್ತುತಂದ ಎಂಜಿನಿಯರ್ ಸುಬ್ಬರಾಯಪ್ಪನನ್ನೂ ಮುನಿನಾರಾಯಣಮ್ಮ ಮೊದಲು ಕಂಡದ್ದು ೧೯೯೮ರ ಒಂದು ಸೋಮವಾರ. ಬಂಗಾರಪೇಟೆಯ ಆಕೆಯ ಮನೆಯ ಮುಂಗೋಣೆಯನ್ನು ಹಾಲಿನ ಕಂಪನಿಯೊಂದು ಬಾಡಿಗೆಗೆ ಹಿಡಿದಿತ್ತು. ಎಂಜಿನಿಯರು ಕಿಟಕಿಯ ಬಳಿ ಕಪ್ಪು ಪೆಟ್ಟಿಗೆಯೊಂದನ್ನು ಪ್ರತಿಷ್ಠಾಪಿಸಿದ. ಮೂರು ಹಸಿರು ದೀಪ ಹತ್ತಿದವು.

"ಇದೇನ್ ಮಾಡ್ತೈತಪ್ಪ?"

"ಇಲ್ಲಿನ ಹಾಲಿನ ಲೆಕ್ಕವನ್ನ ಬೆಂಗಳೂರಿಗೆ ಕಳಿಸುತ್ತೆ ಅಜ್ಜಿ."

"ಇಲ್ಲಿ ಆಡಿದ್ ಮಾತು?"

"ಅದು ಹೋಗಲ್ಲ."

ಆಕೆ ನಂಬಲಿಲ್ಲ. ಅಂದಿನಿಂದ ಸೊಸೆಯ ವಿಚಾರವನ್ನೆಲ್ಲ ಹಿತ್ತಲಿಗೆ ಹೋಗಿಯೇ ಆಡತೊಡಗಿದಳು.

ಪೆಟ್ಟಿಗೆ ಬಂದ ವಾರದಿಂದಲೇ ದಿನಕ್ಕೆ ನಾಲ್ಕೈದು ಸಲ ಬೆಂಗಳೂರಿನ ಲೈನು ಕಡಿದುಬೀಳತೊಡಗಿತು. ಕಂಪನಿಯ ಗುಮಾಸ್ತ ಜಯರಾಮಪ್ಪನೇ ಪೆಟ್ಟಿಗೆಯನ್ನು ಆರಿಸಿ ಲೆಕ್ಕ ತಿದ್ದುತ್ತಾನೆಂದು ಬೆಂಗಳೂರಿನವರಿಗೆ ಗುಮಾನಿ. ಬರುವ ಶನಿವಾರದೊಳಗೆ ಕಾರಣ ಸಿಗದಿದ್ದರೆ ಅವನ ಕೆಲಸ ಹೋಗುತ್ತಿತ್ತು.

"ನಾನು ಮುಟ್ಟಿಲ್ಲ ಕಣಮ್ಮೋ," ಎಂದ ಅವನು.

"ಮುಟ್ದೋನು ಯಾವೋನ್ಲಾ ಮುಟ್ದೆ ಅಂತಾನೆ?" ಎಂದಳು ಮುನಿನಾರಾಯಣಮ್ಮ. (ತಲೆಗೆ ಅಷ್ಟೊಂದು ಎಣ್ಣೆ ಬಳಿದುಕೊಳ್ಳುವವನ ಮೇಲೆ ಆಕೆಗೆ ಮೊದಲಿನಿಂದಲೂ ಅನುಮಾನ.)

ಸುಬ್ಬರಾಯಪ್ಪ ಫೋನಿನಲ್ಲಿ ಆಕೆಯನ್ನೇ ಬೇಡಿಕೊಂಡ. ದೀಪ ಹೆಚ್ಚುಕಡಿಮೆಯಾದಾಗಲೆಲ್ಲ ಗಡಿಯಾರ ನೋಡಿ ಬರೆದಿಡಬೇಕು. ಅಂಕಿ ಗೊತ್ತಿದ್ದ ಆಕೆ ಕ್ಯಾಲೆಂಡರಿನ ಬೆನ್ನ ಮೇಲೆ ಐದು ದಿನ ಬರೆದಳು. ಹೊತ್ತು, ಅದರ ಪಕ್ಕ ಸೊನ್ನೆ, ಸೊನ್ನೆಯ ಪಕ್ಕ ಒಂದು ಅಡ್ಡಗೀಟು. ಜಯರಾಮಪ್ಪ ಟೀಗೆ ಹೋದದ್ದು, ಸುಮ್ಮಸುಮ್ಮನೆ ಕೆಮ್ಮಿದ್ದು, ಇವಕ್ಕೂ ಬೇರೆಬೇರೆ ಗುರುತು.

ಶನಿವಾರ ಎಂಜಿನಿಯರು ಬಂದು, ಲೈನು ಬಿದ್ದ ಹೊತ್ತುಗಳಿದ್ದ ತನ್ನ ಕಾಗದದ ಜೊತೆ ಹೋಲಿಸಿದ. ನಿಮಿಷಕ್ಕೆ ನಿಮಿಷ ಕೂಡಿಬಂತು.

"ಭೇಷ್ ಅಜ್ಜಿ. ಈ ಹೊತ್ತಲ್ಲೆಲ್ಲ ಜಯರಾಮಪ್ಪ ಎಲ್ಲಿದ್ದ?"

ಸುಳ್ಳು ಹೇಳಲು ಆಕೆಗೆ ಬರುತ್ತಿರಲಿಲ್ಲ. "ಒರಗೆ. ಕ್ಯಾನ್ ಎತ್ತಾಕ್ತಿದ್ದ."

"ಒಳಗೆ?"

"ನಾನೊಬ್ಳೇ."

"ಸೊನ್ನೆ ಅಂದ್ರೆ?"

"ದೀಪ ಮಿಣುಕ್ತು ಅಂತ."

"ಈ ಗೀಟು?"

"ನಾನು ಸ್ವಿಚ್ ಆರಿಸ್ದೆ ಅಂತ."

ಬಾಗಿಲಲ್ಲಿದ್ದ ಜಯರಾಮಪ್ಪ ಎತ್ತಿದ ಕ್ಯಾನನ್ನು ಕೆಳಗಿಟ್ಟು ಒಳಗೆ ಬಂದ.

"ನಮ್ಮೆಜಮಾನ್ರು ಚಾಂಪಿಯನ್ ರೀಫ್ಸ್ ಚಿನ್ನದ ಗಣೀಲಿ, ಕೆಳಕ್ಕಿಳಿಯೋರಿಗೆ ದೀಪ ಕೊಡೋ ಲ್ಯಾಂಪ್ ರೂಮಲ್ಲಿ ಮೂವತ್ತೊರ್ಸ ಇದ್ದೋರು," ಎಂದಳು ಮುನಿನಾರಾಯಣಮ್ಮ, ಅರಿಯದ ಹುಡುಗನಿಗೆ ಪಾಠ ಹೇಳುವಂತೆ. "ಮಿಣುಕೋ ದೀಪಾನ ಒಬ್ಬನ ಕೈಗೂ ಕೊಟ್ಟೋರಲ್ಲ. ಆರಿಸಿ, ತಣ್ಣಗಾಗಕ್ಕೆ ಬುಟ್ಟು, ಆಮೇಲೆ ಅಚ್ಚೋರು. ನಾನೂ ಅಂಗೇ. ಕಾಲು ಗಂಟೆ ಬುಟ್ಟು ಆಕ್ತೀನಿ. ಒಂದಿನಾನೂ ತಪ್ಪಿಸಿಲ್ಲ."

"ಅಜ್ಜಿ, ಲೆಕ್ಕ ಹೋಗುವಾಗ ಅದು ಮಿಣುಕಲೇಬೇಕು. ಮಿಣುಕಿದ್ರೇನೇ ಅದಕ್ಕೆ ಆರೋಗ್ಯ."

ಮುನಿನಾರಾಯಣಮ್ಮ ಪೆಟ್ಟಿಗೆಯನ್ನೊಮ್ಮೆ, ತನ್ನ ಬಲಗೈಯನ್ನೊಮ್ಮೆ ನೋಡಿದಳು.

"ಕಳ್ಳನ್ನ ತೋರ್ಸಪ್ಪ ಅಂತ ದೇವ್ರಿಗೆ ಮುಡಿ ಕೊಡೋ ಅರಕೆ ಒತ್ಕಂಡಿದ್ನಲ್ಲಮ್ಮೋ," ಎಂದು ಜಯರಾಮಪ್ಪ ಎಣ್ಣೆಗೂದಲು ಸವರಿಕೊಂಡ. "ಈಗ್ ಕೊಡ್ಲೇಬೇಕು."

ಎಂಜಿನಿಯರು ಪಟ್ಟಿಯ ಕೆಳಗೆ ಮೂರು ಸಾಲು ಬರೆದು ಎರಡನ್ನು ಓದಿ ಹೇಳಿದ: ರೌಟರಿನಲ್ಲಿ ದೋಷವಿಲ್ಲ. ಜಯರಾಮಪ್ಪನಲ್ಲಿ ದೋಷವಿಲ್ಲ.

"ಮೂರನೇದು?" ಎಂದಳು ಆಕೆ, ಅನುಮಾನದಿಂದಲೇ.

ಆಕೆಯ ಹೆಸರಿದ್ದ ಆ ಸಾಲನ್ನು ಅವನು ಓದಲಿಲ್ಲ. ಪೆನ್ನನ್ನು ಆಕೆಯ ಕಡೆ ಚಾಚಿದ.

"ಅಜ್ಜಿ, ಇದರ ಕೆಳಗೆ ಹೆಸರು ಬರೀತೀರಾ, ಇಲ್ಲ ಹೆಬ್ಬೆಟ್ಟು ಒತ್ತುತ್ತೀರಾ?"